ಟ್ಯೂಬ್‌ಲೈಟ್ ಒಡೆದರೆ ಬಾಂಬಿನಂತೆ ಸಿಡಿಯುತ್ತದೆಯೇ? ಸತ್ಯಾಂಶ ಇಲ್ಲಿದೆ

“ಟ್ಯೂಬ್‌ಲೈಟಿನೊಳಗೆ ಸಿಲಿಂಡರಿನಂತೆ ಅನಿಲವನ್ನು ಒತ್ತಿ ತುಂಬಿರುತ್ತಾರೆ, ಒಡೆದರೆ ಬಾಂಬ್!” ಎಂಬ ಸಂದೇಶ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ವಾಸ್ತವ ಇದಕ್ಕೆ ತದ್ವಿರುದ್ಧ.

ಕೊಳವೆಯೊಳಗಿರುವುದು ತುಸು ಆರ್ಗಾನ್, ಜೊತೆಗೆ ಪಾದರಸದ ಆವಿ. ಒತ್ತಡ ಹೊರಗಿನ ಗಾಳಿಯ ಸುಮಾರು ಮುನ್ನೂರರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಗಾಜು ಒಡೆದಾಗ ಹೊರಗಿನ ಗಾಳಿಯೇ ರಭಸದಿಂದ ಒಳನುಗ್ಗುತ್ತದೆ; ‘ಢಬ್’ ಎನ್ನುವ ಸದ್ದು ಅದರದ್ದೇ. ಚೂರುಗಳು ಆ ರಭಸಕ್ಕೆ ಚಿಮ್ಮುವುದುಂಟು, ನಿಜ.

ಅನಿಲ ಇಷ್ಟು ವಿರಳವಾಗಿರುವುದೇಕೆ? ವಿದ್ಯುತ್ ಹರಿದಾಗ ವೇಗವಾಗಿ ಓಡುವ ಎಲೆಕ್ಟ್ರಾನ್‌ಗಳು ಅನಿಲದ ಪರಮಾಣುಗಳಿಗೆ ಡಿಕ್ಕಿ ಹೊಡೆದಾಗಲೇ ಬೆಳಕು ಹುಟ್ಟುವುದು. ದಟ್ಟವಾಗಿದ್ದರೆ ಎಲೆಕ್ಟ್ರಾನ್‌ಗಳು ವೇಗ ಪಡೆಯುವ ಮೊದಲೇ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಓಡಲು ಹೊರಟವರಂತೆ. ಅನಿಲವನ್ನು ಪೂರ್ತಿ ಹೊರತೆಗೆದರೂ ಕಷ್ಟ: ಡಿಕ್ಕಿ ಹೊಡೆಯಲು ಪರಮಾಣುಗಳೇ ಸಿಗವು, ಬೆಳಕೂ ಇಲ್ಲ. ಜರ್ಮನಿಯ ಗಾಜಿನ ಕುಶಲಕರ್ಮಿ ಹೈನ್ರಿಖ್ ಗೀಸ್ಲರ್ 1857ರಲ್ಲೇ ಇಂಥ ವಿರಳ ಅನಿಲದ ಕೊಳವೆಗಳನ್ನು ಬಣ್ಣಬಣ್ಣವಾಗಿ ಬೆಳಗಿಸಿದ್ದರು.

ಸಂದೇಶದ ಭಯ ಬೇರೆ ಕೆಲವು ದೀಪಗಳಿಗೆ ಸಲ್ಲುತ್ತದೆ. ಸಿನಿಮಾ ಪ್ರೊಜೆಕ್ಟರಿನ ಝೆನಾನ್ ಅನಿಲದ ದೀಪದಲ್ಲಿ, ಆರಿದ್ದಾಗಲೂ, ಒತ್ತಡ ನಿಜಕ್ಕೂ ಹೆಚ್ಚು; ಅದನ್ನು ಬದಲಿಸುವವರು ಮುಖಕವಚ ಧರಿಸುತ್ತಾರೆ. ಟ್ಯೂಬ್‌ಲೈಟ್ ಒಡೆದರೆ ಚಿಂತಿಸಬೇಕಾದದ್ದು ಕೆಲವೇ ಮಿಲಿಗ್ರಾಂ ಪಾದರಸದ ಬಗ್ಗೆ: ಕಿಟಕಿ ತೆರೆಯಿರಿ, ಸ್ವಲ್ಪ ಹೊತ್ತು ಹೊರಗಿರಿ, ಚೂರುಗಳನ್ನು ಬರಿಗೈಯಲ್ಲಿ ಮುಟ್ಟದೆ ದಪ್ಪ ಕಾಗದದಿಂದ ಎತ್ತಿ.