ಕೈಗೆ ಎಟುಕಿದ್ದೇ ಬುಟ್ಟಿಗೆ

ಹಣ್ಣು ತರೋಣ ಅಂತಲೇ ಹೊರಟಿರುತ್ತೇನೆ. ಸಂಜೆ ಏಳು ಗಂಟೆ, ಹೊಟ್ಟೆ ಹಸಿದಿದೆ, ತಲೆಯಲ್ಲಿ ಕಚೇರಿಯ ಮುಗಿಯದ ಕೆಲಸ ಓಡುತ್ತಿದೆ. ಬಿಲ್ ಕೌಂಟರಿನ ಸಾಲಿನಲ್ಲಿ ನಿಂತರೆ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವ ಹಾಗೆ, ಚಾಕೊಲೇಟು ಜೋಡಿಸಿಟ್ಟಿರುತ್ತಾರೆ. ಮುಂದಿನವರ ಸಾಮಾನು ಬೆಲ್ಟಿನ ಮೇಲೆ ಸರಿಯುವಷ್ಟರಲ್ಲಿ ಒಂದು ನನ್ನ ಬುಟ್ಟಿ ಸೇರಿರುತ್ತದೆ. ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನು ನಾನೇ ಎಷ್ಟೋ ವರ್ಷ ಬೈದುಕೊಂಡೆ.

ಕರ್ನಾಟಕದ ಹೊರಗೆ ಬದುಕು ಕಟ್ಟಿಕೊಂಡ ಮೇಲೆ, ಯಾವ ದೇಶ ಯಾವುದನ್ನು ಹೇಗೆ ಮಾಡುತ್ತದೆ ಅಂತ ಹೋಲಿಸಿ ನೋಡುವುದು ನನಗೆ ಅಭ್ಯಾಸವಾಗಿದೆ. ಊಟದ ವಿಷಯದಲ್ಲಿ ಎರಡು ದಾರಿ ಕಾಣುತ್ತವೆ. ತಿನ್ನುವವನಿಗೆ ಬುದ್ಧಿ ಹೇಳುವುದು ಒಂದು. ಅವನು ನಿಂತಿರುವ ಜಾಗವನ್ನೇ ಬದಲಾಯಿಸುವುದು ಇನ್ನೊಂದು. ನಾನು ಪೂರ್ತಿಯಾಗಿ ಎರಡನೆಯದರ ಕಡೆ.

ಯಾಕೆ ಅಂತ ಹೇಳಲು ಒಂದು ಪ್ರಯೋಗ ಸಾಕು. 1999ರಲ್ಲಿ ಬಾಬಾ ಶಿವ್ ಮತ್ತು ಅಲೆಕ್ಸಾಂಡರ್ ಫೆಡೊರಿಖಿನ್ ಎಂಬ ಸಂಶೋಧಕರು ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಕೋಣೆಯಲ್ಲಿ ಸಂಖ್ಯೆ ಕೊಟ್ಟರು. ಅದನ್ನು ನೆನಪಿಟ್ಟುಕೊಂಡು ಇನ್ನೊಂದು ಕೋಣೆಗೆ ಹೋಗಿ ಹೇಳಬೇಕು. ಕೆಲವರದು ಎರಡಂಕಿಯ ಸಂಖ್ಯೆ, ಕೆಲವರದು ಏಳಂಕಿಯದು. ದಾರಿಯಲ್ಲಿ ಚಾಕೊಲೇಟ್ ಕೇಕು ಮತ್ತು ಹೆಚ್ಚಿದ ಹಣ್ಣು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತಿಂಡಿ ಕಣ್ಣೆದುರೇ ಇದ್ದಾಗ, ಎರಡಂಕಿಯವರಲ್ಲಿ ಕೇಕು ಆರಿಸಿದವರು ಶೇ. 41. ಏಳಂಕಿಯವರಲ್ಲಿ ಶೇ. 63! ಮರೆತುಹೋಗದಿರಲಿ ಅಂತ ಬಾಯಲ್ಲೇ ಏಳು ಅಂಕಿ ಗುನುಗುತ್ತಾ ನಡೆಯುವ ಆ ಹುಡುಗನನ್ನು ನೆನೆಸಿಕೊಳ್ಳಿ. ಅವನೇನು ದುರಾಸೆಯವನಲ್ಲ. ಅವನ ತಲೆಯಲ್ಲಿ ಜಾಗ ಇರಲಿಲ್ಲ, ಅಷ್ಟೇ. ಸಾಲ, ಮಗುವಿನ ಜ್ವರ, ನಾಳೆಯ ಪಾಳಿ ಇವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಬರುವವರು ದಿನಾ ಏಳಂಕಿ ಹೊತ್ತೇ ಬರುತ್ತಾರೆ, ಅಲ್ವಾ? ಅವರ ಕೈಗೆ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರದ ಪಟ್ಟಿ ಕೊಟ್ಟು "ಓದಿ ತಿಳಿದುಕೊಳ್ಳಿ" ಅನ್ನುವುದು ನ್ಯಾಯವಲ್ಲ.

ಚಿಲಿ ದೇಶ ಇದನ್ನು ಅರ್ಥ ಮಾಡಿಕೊಂಡಿತು. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪ್ಯಾಕೆಟ್ಟುಗಳ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಇರುತ್ತದೆ. 'ಸಕ್ಕರೆ ಜಾಸ್ತಿ' ಅಂತ ನೇರ ಮಾತು. ಲೆಕ್ಕ ಹಾಕಬೇಕಿಲ್ಲ. ಅಂಥ ಪ್ಯಾಕೆಟ್ಟುಗಳ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನು ಹಾಕುವಂತಿಲ್ಲ, ಶಾಲೆಯಲ್ಲಿ ಮಾರುವಂತಿಲ್ಲ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸುಮಾರು ಶೇ. 6ರಷ್ಟು ಇಳಿಯಿತು.

ನನಗೆ ತುಂಬಾ ಹಿಡಿಸಿದ್ದು ಬ್ರಿಟನ್ನಿನ ದಾರಿ. 2018ರ ಏಪ್ರಿಲ್‌ನಿಂದ ಅಲ್ಲಿ ತಂಪು ಪಾನೀಯಕ್ಕೆ ಎರಡು ಹಂತದ ತೆರಿಗೆ ಇದೆ. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ದಾಟಿದರೆ ಒಂದು ದರ, 8 ಗ್ರಾಂ ದಾಟಿದರೆ ಇನ್ನೂ ಜಾಸ್ತಿ. ಅದನ್ನು 2016ರಲ್ಲೇ ಘೋಷಿಸಿದ್ದರಿಂದ ಎಷ್ಟೋ ಕಂಪನಿಗಳು ತೆರಿಗೆ ಬರುವ ಮೊದಲೇ ಸಕ್ಕರೆ ಇಳಿಸಿಬಿಟ್ಟವು. ಕುಡಿಯುವವರು ಏನೂ ಮಾಡಬೇಕಾಗಲಿಲ್ಲ. ಅದೇ ಬಾಟಲಿ, ಒಳಗೆ ಸಕ್ಕರೆ ಕಡಿಮೆ. ಆಮೇಲೆ 2022ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ದೊಡ್ಡ ಅಂಗಡಿಗಳಲ್ಲಿ ಬಿಲ್ ಕೌಂಟರು, ಬಾಗಿಲು, ಸಾಲುಗಳ ತುದಿ, ಈ ಜಾಗಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿನಿಸು ಇಡುವುದನ್ನೂ ಕಾನೂನು ನಿಲ್ಲಿಸಿತು.

ಇದು ನಮ್ಮ ಸ್ವಾತಂತ್ರ್ಯ ಕಿತ್ತುಕೊಂಡ ಹಾಗಲ್ವಾ ಅಂತ ಸ್ನೇಹಿತರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಾಕೊಲೇಟು ಅಂಗಡಿಯಲ್ಲೇ ಇದೆ, ಬೇಕಾದವರು ಅದರ ಸಾಲಿಗೆ ಹೋಗಿ ತರಬಹುದು. ಕೌಂಟರಿನ ಪಕ್ಕ ಏನಿರಬೇಕು ಅಂತ ಮೊದಲಿಂದಲೂ ಯಾರೋ ತೀರ್ಮಾನ ಮಾಡುತ್ತಲೇ ಬಂದಿದ್ದಾರೆ. ಒಳ್ಳೆಯ ಜಾಗ ಸಿಗಲಿ ಅಂತ ಕಂಪನಿಗಳು ಅಂಗಡಿಗಳಿಗೆ ದುಡ್ಡು ಕೊಡುವುದೂ ಉಂಟು. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಕೂಡ ಇದನ್ನೇ ಹೇಳುತ್ತಾ ಬಂದವರು: ತಿಂಡಿಯನ್ನು ಎಲ್ಲೋ ಒಂದು ಕಡೆ ಇಡಲೇಬೇಕು, ಎಲ್ಲಿಟ್ಟರೂ ಅದು ಜನರ ಆಯ್ಕೆಯನ್ನು ಅಲುಗಾಡಿಸುತ್ತದೆ.

ಜನ ಏನನ್ನು ಯಾಕೆ ತಿನ್ನುತ್ತಾರೆ ಅಂತ ಹುಡುಕುವ ಈ ಸಂಶೋಧನೆಯಲ್ಲಿ ಮೋಸವೂ ನಡೆದಿದೆ, ಮುಚ್ಚಿಡಬಾರದು. ಸಣ್ಣ ತಟ್ಟೆಯಲ್ಲಿ ಉಂಡರೆ ಕಡಿಮೆ ಉಣ್ಣುತ್ತೀರಿ ಅಂತ ಲೋಕಕ್ಕೆಲ್ಲ ಹೇಳಿದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ಸಂಶೋಧನೆಯಲ್ಲಿ ಅಕ್ರಮ ಎಸಗಿದ್ದಾರೆ ಅಂತ 2018ರಲ್ಲಿ ಆ ವಿಶ್ವವಿದ್ಯಾಲಯವೇ ಹೇಳಿತು. ಅವರ ಹತ್ತಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ ಪತ್ರಿಕೆಗಳೇ ಹಿಂತೆಗೆದುಕೊಂಡವು. ಆ ತಟ್ಟೆಯ ಮಾತನ್ನು ನಂಬಿ ನಾನೂ ಹತ್ತು ಜನಕ್ಕೆ ಹೇಳಿದ್ದೆ. ಬೇಜಾರಾಯಿತು. ಆದರೆ ಎಲ್ಲವೂ ಸುಳ್ಳಾಗಲಿಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕೇಂಬ್ರಿಜ್ ಕಾಲೇಜುಗಳ ಕ್ಯಾಂಟೀನುಗಳಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಊಟಗಳ ಲೆಕ್ಕ ನೋಡಿದರು. ನಾಲ್ಕರಲ್ಲಿ ಒಂದು ಸಸ್ಯಾಹಾರ ಇದ್ದದ್ದು ಎರಡಾದಾಗ ಅದರ ಮಾರಾಟದಲ್ಲಿ ಕನಿಷ್ಠ ಶೇ. 41, ಗರಿಷ್ಠ ಶೇ. 79ರಷ್ಟು ಏರಿಕೆ ಆಯಿತು. ಯಾರಿಗೂ ಯಾರೂ ಉಪದೇಶ ಮಾಡಲಿಲ್ಲ.

ಈಗ ನಾನು ವಾರದ ಸಾಮಾನನ್ನು ಭಾನುವಾರ ಊಟವಾದ ಮೇಲೆ ಕೂತು ಬರೆದು, ಮೂರು ದಿನ ಮುಂಚೆಯೇ ಆನ್‌ಲೈನಿನಲ್ಲಿ ಹೇಳಿಬಿಡುತ್ತೇನೆ. ಆಮ್‌ಸ್ಟರ್ಡಾಮಿನ ಕಚೇರಿ ನೌಕರರ ಮೇಲೆ ನಡೆದ 1998ರ ಅಧ್ಯಯನ ಓದಿದ ಮೇಲೆ ಶುರುವಾದದ್ದು ಇದು. ಮುಂದಿನ ವಾರಕ್ಕೆ ಅಂತ ಕೇಳಿದಾಗ ಹಣ್ಣು ಅಂದ ಎಷ್ಟೋ ಜನ, ಆ ದಿನ ಬಂದಾಗ ಬೇರೆಯದನ್ನೇ ಎತ್ತಿಕೊಂಡರಂತೆ. ಭಾನುವಾರ ಬರೆದ ನನ್ನ ಪಟ್ಟಿಯಲ್ಲಿ ಹಣ್ಣು ಇರುತ್ತದೆ. ಬುಧವಾರ ಸಂಜೆ ಏಳಕ್ಕೆ ಮನೆ ಬಾಗಿಲಿಗೆ ಅದೇ ಬರುತ್ತದೆ.