1 ಡಾಲರ್ 35 ಸೆಂಟಿನ ಸ್ವಾಭಿಮಾನ

ನಿನ್ನೆ ಬಾಯ್ಸಿಯಿಂದ ವಾಪಸ್ ಬರುವಾಗ ಬರ್ನ್ಸ್‌ನಲ್ಲಿ ಕಾಫಿಗೆ ನಿಂತಿದ್ದೆವು. ಅಮೆರಿಕದ ಒರೆಗಾನ್ ರಾಜ್ಯದ ಹಾರ್ನಿ ಕೌಂಟಿಯ ಊರು ಅದು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಆದರೆ ಕರ್ನಾಟಕದ ಏಳನೇ ಒಂದು ಭಾಗದಷ್ಟು ವಿಸ್ತಾರ, ಜನ 8,000ವೂ ಇಲ್ಲ. ದನಗಳೇ ಜಾಸ್ತಿ. ಪಕ್ಕದ ಟೇಬಲ್ಲಿನಲ್ಲಿ ಹ್ಯಾಟು ಹಾಕಿದ ಇಬ್ಬರು ಅಜ್ಜಂದಿರು, ದನ ಸಾಕುವ ರ್‍ಯಾಂಚಿನವರು. ಕರು ರೇಟಿನಿಂದ ಶುರುವಾದ ಮಾತು ಫುಡ್ ಸ್ಟ್ಯಾಂಪಿಗೆ, ಅಂದ್ರೆ ಬಡವರಿಗೆ ಸರ್ಕಾರ ಕೊಡುವ ಊಟದ ನೆರವಿಗೆ ಬಂತು. ಸರ್ಕಾರ ಕೂತಲ್ಲೇ ಊಟ ಹಾಕಿ ಜನರನ್ನು ಸೋಮಾರಿ ಮಾಡಿದೆಯಂತೆ. ತಾವು ಮಾತ್ರ ಯಾರ ಮುಂದೂ ಕೈ ಚಾಚಿದವರಲ್ಲವಂತೆ.

ಕೈ ಚಾಚಿಲ್ಲವಂತೆ!

ಈ ಕೌಂಟಿಯ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕೇಂದ್ರ ಸರ್ಕಾರದ ನೆಲ. ಅಲ್ಲಿ ಒಂದು ಹಸು, ಜೊತೆಗೆ ಅದರ ಕರು, ಒಂದು ತಿಂಗಳು ಮೇಯಲು 2025ರಲ್ಲಿ ಎಷ್ಟು ಗೊತ್ತಾ? 1 ಡಾಲರ್ 35 ಸೆಂಟ್. ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಅಧ್ಯಕ್ಷ ರೇಗನ್ ಗೆರೆ ಎಳೆದದ್ದು 1986ರಲ್ಲಿ. ಖಾಸಗಿ ಹುಲ್ಲುಗಾವಲಿನಲ್ಲಿ ಅದೇ ಹಸುವಿಗೆ 20 ಡಾಲರಿಗೂ ಜಾಸ್ತಿ. ನಾನು ಕುಡಿದ ಕಾಫಿ 4 ಡಾಲರ್. ಅಷ್ಟರಲ್ಲಿ ಎರಡು ಹಸು, ಎರಡು ಕರು ತಿಂಗಳಿಡೀ ಮೇಯಬಹುದು, ಚಿಲ್ಲರೆಯೂ ಮಿಗುತ್ತದೆ.

ಬರಕ್ಕೂ ಸ್ಕೀಮ್ ಇದೆ. ಪ್ರತಿ ಗುರುವಾರ ಬರದ ನಕ್ಷೆ ಹೊರಡುತ್ತದೆ. ಮೇಯುವ ಕಾಲದಲ್ಲಿ ಕೌಂಟಿಯ ಯಾವುದೋ ಮೂಲೆಗೆ ತೀವ್ರ ಬರದ ಕೆಂಪು ಬಣ್ಣ ಬಿದ್ದರೂ ಸಾಕು, ಮೇವಿನ ಪರಿಹಾರ ಸಿಗುತ್ತದೆ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ತನಕ. ಫುಡ್ ಸ್ಟ್ಯಾಂಪಿನ ಬಡಪಾಯಿಗಳಲ್ಲಿ ಎಷ್ಟೋ ಜನ ತಿಂಗಳಿಗೆ 80 ಗಂಟೆ ದುಡಿದ ಲೆಕ್ಕ ಒಪ್ಪಿಸಬೇಕು. 'ಈ ತಿಂಗಳು ಎಷ್ಟು ಗಂಟೆ ಕೆಲಸ ಮಾಡಿದೆಯಮ್ಮ' ಅಂತ ಹಸುವನ್ನು ಯಾರೂ ಕೇಳುವುದಿಲ್ಲ.

ಇದೇ ಕೌಂಟಿಯ ಮಾಲ್ಹೂರ್ ಪಕ್ಷಿಧಾಮವನ್ನೇ ಅಲ್ವಾ 2016ರಲ್ಲಿ ಬಂದೂಕು ಹಿಡಿದವರು 41 ದಿನ ಆಕ್ರಮಿಸಿದ್ದು? ಸರ್ಕಾರ ಈ ನೆಲ ಬಿಟ್ಟು ತೊಲಗಬೇಕಿತ್ತು ಅವರಿಗೆ. ಮುಂದಾಳು ಆಮನ್ ಬಂಡಿ. ಅವರಪ್ಪ ಕ್ಲೈವನ್ ಬಂಡಿ ನೆವಾಡಾದಲ್ಲಿ ಆ ಮೇವಿನ ಪುಡಿಗಾಸನ್ನೂ ಕಟ್ಟದೆ, ದಂಡ ಸೇರಿ 10 ಲಕ್ಷ ಡಾಲರ್ ದಾಟುವಷ್ಟು ಬಾಕಿ ಬೆಳೆಸಿದವರು. (ಹೊರಗಿನಿಂದ ಬಂದ ಆ ಪಟಾಲಮ್ಮಿಗೆ 'ಮೊದಲು ನೀವು ಜಾಗ ಖಾಲಿ ಮಾಡಿ' ಅಂದವರು ಬರ್ನ್ಸ್‌ನಲ್ಲೂ ಬೇಕಾದಷ್ಟು ಜನ ಇದ್ದರು. ಅದನ್ನೂ ಹೇಳಬೇಕು.)

ಕಾರು ಹತ್ತಿದ ಕೂಡಲೇ ನಮ್ಮ ಯಜಮಾನರ ವಕಾಲತ್ತು ಶುರು. ಪಾಪ, ಬರ ಸುಳ್ಳಾ? ಆ ಒಣ ನೆಲದಲ್ಲಿ ಬೇಲಿ, ನೀರು ಎಲ್ಲ ಅವರೇ ನೋಡಿಕೊಳ್ಳಬೇಕಲ್ವಾ? ಸರಿ ಸ್ವಾಮಿ. ಕೊಡಬೇಡಿ ಅಂದೆನಾ ನಾನು? ತಿಂದು ಬಾಯಿ ಒರೆಸಿಕೊಂಡು ಪಕ್ಕದವರ ತಟ್ಟೆ ಎಣಿಸಬೇಡಿ ಅಂದೆ, ಅಷ್ಟೇ.

ನಮ್ಮವರೇನು ಕಮ್ಮಿಯಾ! ಫ್ಯಾಮಿಲಿ ಗ್ರೂಪಿನಲ್ಲಿ ದಿನಾ 'ಬಿಟ್ಟಿ ಭಾಗ್ಯ' ಅಂತ ಗೊಣಗುವ ನಮ್ಮ ಚಿಕ್ಕಪ್ಪನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲೇ ಇಲ್ಲ. 10 ಎಚ್‌ಪಿ ತನಕ ಪುಕ್ಕಟೆ. ಡೇರಿಗೆ ಹಾಕುವ ಹಾಲಿಗೆ ಲೀಟರಿಗೆ ಸರ್ಕಾರದ 5 ರೂಪಾಯಿ ಬೇರೆ. ಅದರ ಹೆಸರು ಪ್ರೋತ್ಸಾಹಧನ. ಬಸ್ಸಿನಲ್ಲಿ ದುಡ್ಡು ಕೊಡದೆ ಕೂಲಿಗೆ ಹೋಗುವ ಹೆಂಗಸರದ್ದು ಮಾತ್ರ ಬಿಟ್ಟಿ.

ನಾನೂ ಸಾಚಾ ಅಲ್ಲ. ನನ್ನ ಹಾಸ್ಟೆಲ್ ಫೀಸು ಕಟ್ಟಿದ್ದು ಅಮ್ಮನ ಎರಡು ಸೀಮೆಹಸು. ಅವು ಮನೆಗೆ ಬಂದದ್ದು ಸಬ್ಸಿಡಿ ಸಾಲದಲ್ಲಿ. ಆದರೂ ಅಮೆರಿಕಕ್ಕೆ ಬಂದ ಹೊಸತರಲ್ಲಿ ಪಾರ್ಟಿಗಳಲ್ಲಿ 'ಎಲ್ಲಾ ಸ್ವಂತ ದುಡಿಮೆ' ಅಂತ ಕೊಚ್ಚಿಕೊಂಡವಳೇ. ಒಮ್ಮೆ ಅಮ್ಮನ ಮುಂದೂ ಅಂದೆ. ಅವಳು ಕೊಟ್ಟಿಗೆ ಕಡೆ ನೋಡಿ ಸುಮ್ನೆ ನಕ್ಕಳು.

ಹೊರಡುವಾಗ ಆ ಅಜ್ಜಂದಿರಲ್ಲಿ ಒಬ್ಬರು ನಮಗಾಗಿ ಬಾಗಿಲು ಹಿಡಿದುಕೊಂಡರು. ಸಂಜೆ ಹೊತ್ತು ರಸ್ತೆಗೆ ಜಿಂಕೆ ನುಗ್ಗುತ್ತವೆ, ನಿಧಾನ ಹೋಗಿ ಅಂದರು. ಇಷ್ಟು ಒಳ್ಳೆಯ ಮನುಷ್ಯ ಅಂತ ಗೊತ್ತಾಗಿ ನನಗೆ ಇನ್ನೂ ಸಿಟ್ಟು ಬಂತು.