ಅವಳಿ ಬೂಮ್ ವಿಮಾನ ಮೊದಲು ಹಾರಿದ್ದು 1939ರಲ್ಲಲ್ಲ

ಬಾಲವನ್ನು ಎರಡು ಉದ್ದ ತೋಳುಗಳು (ಬೂಮ್‌ಗಳು) ಹೊತ್ತಿರುವ ಯುದ್ಧವಿಮಾನಗಳಲ್ಲಿ ಅಮೆರಿಕದ ಪಿ-38 ಲೈಟ್ನಿಂಗ್ ಮೊದಲನೆಯದು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಪಿ-38 ಮೊದಲು ಹಾರಿದ್ದು 1939ರ ಜನವರಿಯಲ್ಲಿ. ಆ ವಿನ್ಯಾಸ ಅದಕ್ಕಿಂತ ಕಾಲು ಶತಮಾನ ಹಳೆಯದು.

ಇಟಲಿಯ ಜಾನ್ನಿ ಕಪ್ರೋನಿ 1914ರಲ್ಲೇ ಮೂರು ಎಂಜಿನ್‌ಗಳ, ಎರಡು ಅಂತಸ್ತಿನ ರೆಕ್ಕೆಯ ಬಾಂಬರ್ ಒಂದನ್ನು ಹಾರಿಸಿದ್ದರು. ಎರಡು ಎಂಜಿನ್‌ಗಳು ತೋಳುಗಳ ಮುಂತುದಿಯಲ್ಲಿ, ಮೂರನೆಯದು ಸಿಬ್ಬಂದಿ ಕೂರುವ ನಡುವಿನ ತೊಟ್ಟಿಲಿನ ಹಿಂಬದಿಯಲ್ಲಿ. ತೊಟ್ಟಿಲಿನ ಹಿಂಬದಿಯಲ್ಲಿ ತಿರುಗುವ ಆ ಪ್ರೊಪೆಲರ್‌ಗೆ ಜಾಗ ಬಿಟ್ಟು ಬಾಲವನ್ನು ಹಿಡಿದಿಡಬೇಕಿತ್ತು. ಅವಳಿ ತೋಳು ಬಂದದ್ದು ಅದಕ್ಕಾಗಿ, ಅಂದಕ್ಕಾಗಿ ಅಲ್ಲ. ಮೊದಲ ಮಹಾಯುದ್ಧದಲ್ಲಿ, 1916ರ ಫೆಬ್ರವರಿಯಲ್ಲಿ, ಇಂದಿನ ಸ್ಲೊವೇನಿಯಾದ ಲುಬ್ಲಿಯಾನಾ ನಗರದ ಮೇಲೆ ಬಾಂಬ್ ಹಾಕಿದ್ದು ಈ ಕಪ್ರೋನಿಗಳೇ.

1915ರ ಜರ್ಮನಿಯ ಫೋಕರ್ ಎಂ.9 ನನಗೆ ಇನ್ನೂ ಹೆಚ್ಚು ಇಷ್ಟ. ಫೋಕರ್ ಕಂಪನಿ ತನ್ನದೇ ಎಂ.7 ವಿಮಾನದ ಎರಡು ಒಡಲುಗಳನ್ನು ತೋಳುಗಳಾಗಿ ಜೋಡಿಸಿ, ನಡುವಿನ ತೊಟ್ಟಿಲಿಗೆ ಹಿಂದೊಂದು ಮುಂದೊಂದು ಎಂಜಿನ್ ಕೂರಿಸಿದ ಪ್ರಯೋಗ ಅದು. ಒಂದೇ ಒಂದು ತಯಾರಾಯಿತು, ಸೇನೆಗೆ ಸೇರಲಿಲ್ಲ. ಸೋತ ಪ್ರಯೋಗವೆಂದು ಇತಿಹಾಸದಿಂದ ಅದನ್ನು ಅಳಿಸುವುದು ಅನ್ಯಾಯ.

ಪಿ-38 ಈ ವಿನ್ಯಾಸವನ್ನು ಪ್ರಸಿದ್ಧಗೊಳಿಸಿತು ಎನ್ನುವುದಾದರೆ ನನ್ನ ತಕರಾರಿಲ್ಲ.